ಕಂಬಳಿಹುಳುವಿನ ಬಡಾಯಿ, ಕಪ್ಪೆಯ ಉತ್ತರ

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಶಿಕ್ಷಕಿ. ಶಾಲೆಗೆ ದಾನವಾಗಿ ಬಂದ ಪುಸ್ತಕಗಳಲ್ಲಿ ಒಂದು ಇಂಗ್ಲಿಷ್ ಚಿತ್ರಪುಸ್ತಕವಿದೆ. ಮಾಸಾಯಿ ಜನಪದ ಕಥೆಯ ಮರುನಿರೂಪಣೆ ಎಂದು ಅದರ ಮೇಲಿದೆ. ಮೊಲ ಮನೆಗೆ ಮರಳಿದಾಗ ಒಳಗೆ ಯಾರೋ ಸೇರಿಕೊಂಡು ಗದರಿಸುತ್ತಾರೆ. ದೊಡ್ಡ ದೊಡ್ಡ ಪ್ರಾಣಿಗಳು ಬಂದು ಸೋತು ಹೋಗುತ್ತವೆ. ಕೊನೆಗೆ ಕಪ್ಪೆ ಬಂದಾಗ, ಒಳಗಿದ್ದದ್ದು ಕಂಬಳಿಹುಳು ಎಂದು ಗೊತ್ತಾಗುತ್ತದೆ. ಇದು ನಿಜವಾಗಿಯೂ ಮಾಸಾಯಿ ಜನರ ಕಥೆಯೇ? ನಮ್ಮ ಪಂಚತಂತ್ರದ ‘ಮಾತಾಡುವ ಗುಹೆ’ಯೇ ಅಲ್ಲಿಗೆ ಹೋಗಿರಬಹುದೇ? ಇಂಥ ಪುಸ್ತಕದ ಚಿತ್ರಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಕಥೆಯನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿ, ಗೋಡೆ ಪತ್ರಿಕೆಯಲ್ಲಿ ಹಾಕಬೇಕೆಂದಿದ್ದೇನೆ. ಕೊನೆಯಲ್ಲಿ ಯಾವ ನೀತಿ ಹೇಳಲಿ?

ಉತ್ತರ: ಹೌದು, ಇದು ಪೂರ್ವ ಆಫ್ರಿಕಾದ ಕೆನ್ಯಾ ಮತ್ತು ತಾಂಜಾನಿಯಾದಲ್ಲಿರುವ ಮಾಸಾಯಿ ಜನರದೇ ಕಥೆ. ಆಫ್ರಿಕಾದ ಜನಪದ ಕಥೆಗಳೆಂದು ಮಾರಾಟವಾಗುವ ಎಷ್ಟೋ ಮಕ್ಕಳ ಪುಸ್ತಕಗಳ ಬಗ್ಗೆ ಇಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ. ಈ ಕಥೆಯ ಮಟ್ಟಿಗೆ ಹೇಳಬಹುದು. ಏಕೆಂದರೆ ಆಲ್‌ಫ್ರೆಡ್ ಕ್ಲಾಡ್ ಹಾಲಿಸ್ ಎಂಬ ಬ್ರಿಟಿಷ್ ಅಧಿಕಾರಿ ಮಾಸಾಯಿ ಜನರ ಭಾಷೆ ಮತ್ತು ಜಾನಪದದ ಕುರಿತು 1905ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇದು ಇದೆ. ಆ ಗ್ರಂಥದ ಕಥೆಗಳು ಅವರ ಮಾ ಭಾಷೆಯಲ್ಲೇ ಅಚ್ಚಾಗಿವೆ, ಜೊತೆಗೆ ಇಂಗ್ಲಿಷ್ ಅನುವಾದವೂ ಇದೆ. ಅಂದರೆ ಕಥೆಯ ಮೂಲ ಮಾತು ನಮ್ಮ ಕಣ್ಣೆದುರಿಗೇ ಇದೆ.

ನಿಮ್ಮ ಪುಸ್ತಕದ ಪಕ್ಕದಲ್ಲಿಟ್ಟು ನೋಡಲು ಅನುಕೂಲವಾಗಲೆಂದು ಆ 1905ರ ರೂಪವನ್ನು ಮೊದಲು ಹೇಳಿಬಿಡುತ್ತೇನೆ. ಮೊಲ ಹೊರಗೆ ಹೋಗಿದ್ದಾಗ ಕಂಬಳಿಹುಳುವೊಂದು ಅದರ ಮನೆ ಸೇರಿಕೊಳ್ಳುತ್ತದೆ. ಮರಳಿ ಬಂದ ಮೊಲ ನೆಲದ ಮೇಲಿನ ಗುರುತುಗಳನ್ನು ನೋಡಿ, ‘ನನ್ನ ಮನೆಯಲ್ಲಿ ಯಾರದು?’ ಎಂದು ಕೂಗುತ್ತದೆ. ಒಳಗಿನಿಂದ ದೊಡ್ಡ ದನಿ ಬರುತ್ತದೆ: ನಾನು ಉದ್ದನೆಯವನ ಮಗನಾದ ಯೋಧ, ಕುರ್ತಿಯಾಲೆ ಸೀಮೆಯ ಕಾಳಗದಲ್ಲಿ ಕಾಲ್ಗಡಗ ಸಡಿಲಿದವನು, ಘೇಂಡಾಮೃಗವನ್ನು ನೆಲಕ್ಕೆ ಜಜ್ಜುವವನು, ಆನೆಯನ್ನು ಸಗಣಿ ಮಾಡುವವನು! ಮೊಲ ಹೆದರಿ ನರಿಯನ್ನು ಕರೆತರುತ್ತದೆ. ನರಿ ಬೊಗಳಿ ಕೇಳುತ್ತದೆ, ಅದೇ ಉತ್ತರ ಬರುತ್ತದೆ, ನರಿ ಹಿಂದಿರುಗುತ್ತದೆ. ಚಿರತೆಯ ಗತಿಯೂ ಅದೇ. ಘೇಂಡಾಮೃಗ ಬಂದು ತನ್ನ ಹೆಸರನ್ನೇ ಕೇಳಿ ಓಡುತ್ತದೆ. ಆನೆಗೆ ಸಗಣಿಯಾಗುವ ಮನಸ್ಸಿಲ್ಲ, ಅದೂ ಹೋಗುತ್ತದೆ. ಆಗ ದಾರಿಯಲ್ಲಿ ಹೋಗುತ್ತಿದ್ದ ಕಪ್ಪೆಯನ್ನು ಮೊಲ ಕೇಳಿಕೊಳ್ಳುತ್ತದೆ. ಕಪ್ಪೆಗೂ ಅದೇ ಬಡಾಯಿ ಕೇಳಿಸುತ್ತದೆ, ಆದರೆ ಅದು ಹಿಂದೆ ಸರಿಯದೆ ಬಾಗಿಲಿಗೆ ಇನ್ನೂ ಹತ್ತಿರವಾಗಿ ಹೇಳುತ್ತದೆ: ಬಲಶಾಲಿಯಾದ ನಾನು ಬಂದಿದ್ದೇನೆ, ಕುಪ್ಪಳಿಸುವವನು ಬಂದಿದ್ದೇನೆ, ನನ್ನ ಕುಂಡೆ ಕಂಬದಂತಿದೆ, ದೇವರು ನನ್ನನ್ನು ಕುರೂಪಿಯಾಗಿ ಮಾಡಿದ್ದಾನೆ! ಕಂಬಳಿಹುಳು ನಡುಗುತ್ತದೆ. ಕಪ್ಪೆ ಹತ್ತಿರ ಬರುವುದನ್ನು ಕಂಡು, ‘ನಾನು ಬರೀ ಕಂಬಳಿಹುಳು’ ಎನ್ನುತ್ತದೆ. ಸುತ್ತ ನೆರೆದಿದ್ದ ಪ್ರಾಣಿಗಳು ಅದನ್ನು ಹೊರಗೆಳೆಯುತ್ತವೆ, ಅದು ಕೊಟ್ಟ ಫಜೀತಿಯನ್ನು ನೆನೆದು ಎಲ್ಲರೂ ನಗುತ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಈ ಕಥೆಯ ಜೀವ ಆ ಬಡಾಯಿಯಲ್ಲಿದೆ. ನಿಮ್ಮ ಉಳಿದ ಪ್ರಶ್ನೆಗಳಿಗೂ ನಾನು ಅದನ್ನೇ ಹಿಡಿದು ಉತ್ತರಿಸುತ್ತೇನೆ. ಮಾಸಾಯಿ ಸಮಾಜದಲ್ಲಿ ಹುಡುಗರು ದೀಕ್ಷೆ ಪಡೆದ ಮೇಲೆ ಮೊರಾನ್‌ಗಳಾಗುತ್ತಾರೆ, ಅಂದರೆ ಯೋಧರ ವಯೋಗುಂಪಿಗೆ ಸೇರುತ್ತಾರೆ. ಹಿಂಡನ್ನೂ ಹಟ್ಟಿಯನ್ನೂ ಕಾಯುವುದು ಅವರ ಕರ್ತವ್ಯ. ತಾನು ಯಾರ ಮಗ, ಯಾವ ಕಾಳಗದಲ್ಲಿ ಏನು ಮಾಡಿದೆ ಎಂದು ಹಾಡಿ ಹೇಳಿಕೊಳ್ಳುವುದು ಆ ವಯಸ್ಸಿನವರ ರೂಢಿ. ಕಂಬಳಿಹುಳು ತೊಡುವುದು ಆ ವೇಷವನ್ನೇ. ತಂದೆಯ ಹೆಸರಿದೆ, ಕಾಳಗದ ಸೀಮೆಯ ಹೆಸರಿದೆ, ಕಾಲ್ಗಡಗ ಸಡಿಲಿತು ಎಂಬ ಪುಟ್ಟ ವಿವರವೂ ಇದೆ. ಕಾಲೇ ಕಾಣದ ಹುಳುವಿಗೆ ಕಾಲ್ಗಡಗ! ‘ಉದ್ದನೆಯವನ ಮಗ’ ಎಂಬುದಂತೂ ಸುಳ್ಳೂ ಅಲ್ಲ. ಅಣ್ಣಂದಿರು ಇಂಥ ಮಾತು ಆಡುವುದನ್ನು ದಿನವೂ ಕೇಳುವ ಮಗುವಿಗೆ ಇದು ಎಷ್ಟು ನಗು ತರಿಸಿರಬೇಕು ಎಂದು ಊಹಿಸಿ.

ಸಗಣಿಯ ಮಾತನ್ನೂ ಬಿಡಬೇಡಿ. ಮಾಸಾಯಿಗಳು ದನ ಕಾಯುವ ಜನ, ಕಾಡುಪ್ರಾಣಿಗಳ ಮಾಂಸವನ್ನು ಸಂಪ್ರದಾಯವಾಗಿ ತಿನ್ನುವವರಲ್ಲ. ಬೇಟೆಯಾಡಿ ತಿನ್ನುವ ಬದುಕನ್ನು ಅವರು ತಮಗಿಂತ ಕೆಳಗಿನದೆಂದೇ ಎಣಿಸುತ್ತಿದ್ದರು. ಹಾಗಾಗಿ 1905ರ ಪಾಠದಲ್ಲಿ ಯೋಧವೇಷದ ಹುಳು ಆನೆಯನ್ನು ತಿನ್ನುತ್ತೇನೆ ಎನ್ನುವುದಿಲ್ಲ, ಕಾಲಡಿಯ ಸಗಣಿ ಮಾಡುತ್ತೇನೆ ಎನ್ನುತ್ತದೆ. ದನದ ಹಟ್ಟಿಯಲ್ಲಿ ಬೆಳೆದವರ ಬಾಯಲ್ಲಿ ಮಾತ್ರ ಬರುವ ಬೆದರಿಕೆ ಇದು. ನಂತರದ ಮರುನಿರೂಪಣೆಗಳಲ್ಲಿ ಇದು ತಿನ್ನುವ ಮಾತಾಗಿ ಬದಲಾಗಿರುವುದುಂಟು. ಮಕ್ಕಳು ಅದಕ್ಕೂ ನಗುತ್ತಾರೆ, ಆದರೆ ಹಟ್ಟಿಯ ವಾಸನೆ ಹೋಗಿರುತ್ತದೆ.

ಮನೆಯ ಒಳಗೆ ಇಣುಕಿ ನೋಡಿದರೆ ಆಗುತ್ತಿತ್ತಲ್ಲ ಎಂದು ನಿಮ್ಮ ವಿದ್ಯಾರ್ಥಿಗಳು ಖಂಡಿತ ಕೇಳುತ್ತಾರೆ. ಉತ್ತರ ಮಾಸಾಯಿ ಮನೆಯ ಕಟ್ಟಡದಲ್ಲಿದೆ. ಎಂಕಾಜಿ ಎಂದು ಅದರ ಹೆಸರು. ಕಟ್ಟುವವರು ಹೆಂಗಸರು. ಕೊಂಬೆಗಳನ್ನು ನೆಟ್ಟು, ಬಾಗಿಸಿ, ಹೆಣೆದು, ಮೇಲೆ ಹುಲ್ಲು ಹಾಸಿ, ಸಗಣಿ ಮಣ್ಣು ಕಲಸಿ ಮೆತ್ತುತ್ತಾರೆ. ಎತ್ತರದ ಗಂಡಸು ಒಳಗೆ ನೆಟ್ಟಗೆ ನಿಲ್ಲುವುದು ಕಷ್ಟ, ಅಷ್ಟು ಗಿಡ್ಡ. ಬಾಗಿಲು ನೇರವಾಗಿ ಕೋಣೆಗೆ ತೆರೆಯುವುದಿಲ್ಲ, ಇಕ್ಕಟ್ಟಾದ ಓಣಿಯಂತೆ ಒಳಹೊಕ್ಕು ತಿರುಗುತ್ತದೆ. ಬೆಳಕಿಗೂ ಹೊಗೆಗೂ ಗೋಡೆಯಲ್ಲಿ ಅಂಗೈಯಷ್ಟು ಕಿಂಡಿ. ನಡುಹಗಲಲ್ಲೂ ಒಳಗೆ ಕತ್ತಲೆ. ಅಂಥ ಮನೆಯ ಬಾಗಿಲಲ್ಲಿ ನಿಂತವರಿಗೆ ಒಳಗಿನವರ ದನಿ ಕೇಳಿಸುತ್ತದೆ, ಆಕಾರ ಕಾಣಿಸುವುದಿಲ್ಲ. ಇಡೀ ಕಥೆ ನಿಂತಿರುವುದು ಆ ತಿರುವಿನ ಮೇಲೆ. ಕಥೆ ಹೇಳುವ ಮೊದಲು ಕಪ್ಪುಹಲಗೆಯ ಮೇಲೆ ಇಂಥ ಮನೆಯ ನಕ್ಷೆಯೊಂದನ್ನು ಬರೆದು ತೋರಿಸಿ, ಐದು ನಿಮಿಷ ಸಾಕು.

ಮೊಲದ ವಿಷಯವನ್ನೂ ಮಕ್ಕಳಿಗೆ ಮೊದಲೇ ತಿಳಿಸಬೇಕು. ಪೂರ್ವ ಆಫ್ರಿಕಾದ ಕಥೆಗಳಲ್ಲಿ ಮೊಲ ಪಾಪದ ಪ್ರಾಣಿಯಲ್ಲ, ಎಲ್ಲರಿಗೂ ಟೋಪಿ ಹಾಕುವ ಚತುರ. ಹಾಲಿಸ್ ಸಂಗ್ರಹದಲ್ಲೇ ಇನ್ನೊಂದು ಕಥೆಯಿದೆ. ಜೇನು ಹೊತ್ತು ಹೊರಟ ಆನೆಗಳ ಬೆನ್ನೇರಿದ ಮೊಲ ಜೇನನ್ನೆಲ್ಲ ತಿಂದು ಚೀಲಕ್ಕೆ ಕಲ್ಲು ತುಂಬಿಸುತ್ತದೆ. ಅಂಥ ಮೊಲ ಈ ಕಥೆಯಲ್ಲಿ ತನ್ನದೇ ಮನೆಯ ಮುಂದೆ ಹುಳುವಿಗೆ ಹೆದರಿ, ಅದೇ ಆನೆಯ ಬಳಿ ಸಹಾಯ ಬೇಡುತ್ತದೆ. ಮೊಲದ ಹಿಂದಿನ ಆಟ ಗೊತ್ತಿದ್ದವರಿಗೆ ಈ ಪಾಡು ಕಂಡಾಗ ಸಿಗುವ ಖುಷಿಯೇ ಬೇರೆ. ಒಂದೇ ಕಥೆಯನ್ನು ಕಿತ್ತು ಪುಸ್ತಕ ಮಾಡಿದಾಗ ಈ ನಂಟು ಕಡಿದುಹೋಗುತ್ತದೆ. ಸಾಧ್ಯವಾದರೆ ಜೇನಿನ ಕಥೆಯನ್ನು ಹಿಂದಿನ ವಾರವೇ ಹೇಳಿಬಿಡಿ.

ಇನ್ನು ಕಪ್ಪೆ. ಆನೆ ಓಡಿದ ಕಡೆ ಕಪ್ಪೆ ಏಕೆ ನಿಂತಿತು? ನನ್ನ ಓದಿನಲ್ಲಿ ಇದಕ್ಕೆ ಎರಡು ಕಾರಣ. ಒಂದು, ಹುಳು ಯಾವ ಬಗೆಯ ಮಾತಾಡುತ್ತದೋ ಕಪ್ಪೆಯೂ ಅದೇ ಬಗೆಯ ಮಾತಾಡುತ್ತದೆ. ಉಳಿದವರು ಬಡಾಯಿಯನ್ನು ವರದಿಯೆಂದು ನಂಬಿದರು. ಅದು ಬಡಾಯಿ ಎಂದು ಗುರುತಿಸಿ, ಬಡಾಯಿಯಿಂದಲೇ ಉತ್ತರಿಸಿದ್ದು ಕಪ್ಪೆ ಮಾತ್ರ. ಅದರ ಬಡಾಯಿಯ ಚಂದ ನೋಡಿ: ‘ಬಲಶಾಲಿ’ ಎಂಬ ಒಂದು ಮಾತು ಬಿಟ್ಟರೆ, ಅದು ತನ್ನಲ್ಲಿಲ್ಲದ ಶೌರ್ಯವನ್ನು ಎಲ್ಲೂ ಕಟ್ಟಿ ಹೇಳುವುದಿಲ್ಲ. ಕುಪ್ಪಳಿಸುವುದು ನಿಜ, ದಪ್ಪ ಕುಂಡೆ ನಿಜ, ಕುರೂಪವೂ ನಿಜ. ಇದ್ದದ್ದನ್ನೇ ಯೋಧನ ದನಿಯಲ್ಲಿ ಹೇಳಿತು, ಅಷ್ಟೇ. ಎರಡನೆಯ ಕಾರಣ ಹೊಲದ ಬದುವಿನಲ್ಲಿ ಆಡುವ ಯಾವ ಮಗುವಿಗೂ ಗೊತ್ತು. ಬಂದವರ ಪೈಕಿ ಕಂಬಳಿಹುಳುವನ್ನು ಹಿಡಿದು ನುಂಗುವಂಥದ್ದು ಕಪ್ಪೆಯೇ. ಆನೆಗೆ ಹುಳು ಲೆಕ್ಕಕ್ಕಿಲ್ಲ, ಹುಳುವಿಗೂ ಆನೆ ಲೆಕ್ಕಕ್ಕಿಲ್ಲ. ಕಪ್ಪೆ ಹಾಗಲ್ಲ. ಕಥೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನೀವೂ ಹೇಳಬೇಡಿ. ‘ಹುಳು ಕಪ್ಪೆಗೆ ಮಾತ್ರ ಏಕೆ ನಡುಗಿತು?’ ಎಂದು ಕೇಳಿ ಸುಮ್ಮನಿರಿ. ಯಾವುದಾದರೂ ಮಗು ಕಂಡುಹಿಡಿಯುತ್ತದೆ.

ಚಿತ್ರಪುಸ್ತಕಗಳು ಎಡವುವುದು ಹೆಚ್ಚಾಗಿ ಈ ಜಾಗದಲ್ಲಿಯೇ. ಈ ಕಥೆಯ ಬಹಳ ಹೆಸರಾದ ಅಮೆರಿಕನ್ ಆವೃತ್ತಿ 1977ರದು. ನಿರೂಪಿಸಿದವರು ವೆರ್ನಾ ಆರ್ಡೆಮಾ, ಚಿತ್ರ ಬರೆದವರು ಲಿಯೋ ಮತ್ತು ಡಯಾನ್ ಡಿಲ್ಲನ್ ದಂಪತಿ. ಅದರಲ್ಲಿ ಬಂದ ಪ್ರಾಣಿಗಳು ಹೆದರಿ ಓಡುವುದಕ್ಕಿಂತ ಹೆಚ್ಚಾಗಿ, ಸಹಾಯದ ಹೆಸರಿನಲ್ಲಿ ಮೊಲದ ಮನೆಯನ್ನೇ ಹಾಳುಗೆಡವಲು ಹೊರಡುತ್ತವೆ. ಒಂದಕ್ಕೆ ಮನೆ ಸುಡುವ ಯೋಚನೆ, ಇನ್ನೊಂದಕ್ಕೆ ತುಳಿಯುವ ಯೋಚನೆ. ಕಪ್ಪೆ ಗೆಲ್ಲುವುದು ವಿಷ ಉಗುಳುವ ನಾಗರಹಾವಿನಂತೆ ನಟಿಸಿ. ಅದು ಸೊಗಸಾದ ಪುಸ್ತಕ, ಓದಿಸಿಕೊಳ್ಳುತ್ತದೆ, ನನಗೂ ಇಷ್ಟ. ಆದರೂ ಕಪ್ಪೆ ಹಾವಿನ ವೇಷ ಹಾಕಿದ ಕೂಡಲೇ ಕಥೆ ಬೇರೆಯದಾಗುತ್ತದೆ. 1905ರ ಕಪ್ಪೆ ಕಪ್ಪೆಯಾಗಿಯೇ ಗೆದ್ದಿತ್ತು. ಆ ಕುಂಡೆಯ ಮಾತನ್ನು ಮಕ್ಕಳ ಪುಸ್ತಕ ಎಂಬ ಸಂಕೋಚಕ್ಕೆ ಬಿಡುವುದು ಸಹಜ, ಆದರೆ ತರಗತಿಯಲ್ಲಿ ಹೆಚ್ಚು ನಗು ಏಳುವುದು ಅಲ್ಲಿಯೇ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1991ರಲ್ಲಿ ಇದೇ ಕಥೆಯನ್ನು ಟೊಲೊಲ್ವಾ ಮೊಲೆಲ್ ಚಿತ್ರಪುಸ್ತಕವಾಗಿ ಹೇಳಿದರು. ಅವರು ಉತ್ತರ ತಾಂಜಾನಿಯಾದ ಮಾಸಾಯಿ ಮೂಲದವರು, ಕೆನಡಾದಲ್ಲಿ ಬರೆದವರು. ಎರಡೂ ಸಿಕ್ಕರೆ ಅಕ್ಕಪಕ್ಕ ಇಟ್ಟು ಓದಿಸಿ.

ಮಾತಾಡುವ ಗುಹೆಯ ಬಗ್ಗೆ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಎರಡಕ್ಕೂ ಸಾಮ್ಯ ಇದ್ದೇ ಇದೆ: ಮನೆಯೊಡೆಯ ಇಲ್ಲದಾಗ ಒಬ್ಬ ಒಳಸೇರುತ್ತಾನೆ, ನೆಲದ ಮೇಲಿನ ಗುರುತು ಅವನನ್ನು ಬಿಟ್ಟುಕೊಡುತ್ತದೆ, ಮನೆಯೊಡೆಯ ಹೊರಗೆ ನಿಂತು ಕೂಗುತ್ತಾನೆ, ಒಳಗಿನಿಂದ ಉತ್ತರ ಬರುತ್ತದೆ. ಅಷ್ಟಕ್ಕೇ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲು ಆಗುವುದಿಲ್ಲ. ಗುಹೆಯಲ್ಲಿ ಮನೆ ಮಾಡುವ ಪ್ರಾಣಿ ಇರುವಲ್ಲೆಲ್ಲ, ಒಳಗೆ ಯಾರಿದ್ದಾರೋ ಎಂಬ ಅಳುಕು ಇರುವಲ್ಲೆಲ್ಲ ಇಂಥ ಕಥೆ ತಾನಾಗಿ ಹುಟ್ಟಬಹುದು. ಅದಕ್ಕಿಂತ ಮುಖ್ಯವಾಗಿ, ಎರಡರ ಕಟ್ಟು ಒಂದಕ್ಕೊಂದು ತಿರುಗುಮುರುಗು. ಪಂಚತಂತ್ರದಲ್ಲಿ ಒಳಗಿರುವುದು ಸಿಂಹ, ಹೊರಗಿರುವುದು ನರಿ. ಸಿಂಹದ ದನಿ ಸಿಂಹವನ್ನೇ ಬಯಲುಮಾಡುತ್ತದೆ, ನರಿ ಬದುಕಿಕೊಳ್ಳುತ್ತದೆ. ಇಲ್ಲಿ ಒಳಗಿರುವುದು ಹುಳು, ಹೊರಗಿರುವುದು ಆನೆ. ದನಿ ಹುಳುವನ್ನು ಮುಚ್ಚಿಡುತ್ತದೆ. ಅಲ್ಲಿ ಮಾತು ಕೇಳಿ ಎಚ್ಚರವಾಗುವುದು ಜಾಣತನ, ಇಲ್ಲಿ ಮಾತು ಕೇಳಿ ಹೆದರುವುದು ಪೆದ್ದುತನ. ಐದನೆಯ ತರಗತಿಯ ಮಕ್ಕಳಿಗೆ ಎರಡೂ ಕಥೆಗಳನ್ನು ಒಂದೇ ದಿನ ಹೇಳಿ, ವ್ಯತ್ಯಾಸ ಅವರೇ ಪಟ್ಟಿ ಮಾಡಲಿ. ಎಲ್ಲ ಕಥೆಗಳೂ ನಮ್ಮಲ್ಲಿಂದಲೇ ಹೋದವು ಎಂಬ ಭಾವನೆಯನ್ನು ಮಕ್ಕಳಲ್ಲಿ ಬಿತ್ತುವುದು ಮಾತ್ರ ಬೇಡ. ಮಾಸಾಯಿ ಅಜ್ಜಿಯರಿಗೆ ತಮ್ಮ ಕಥೆಗೆ ಬೇಕಾದ ಬುದ್ಧಿ ತಮ್ಮದೇ ಇತ್ತು.

ಚಿತ್ರಗಳನ್ನು ಹೇಗೆ ನೋಡಬೇಕು? ನಾನು ಮೊದಲು ನೋಡುವುದು ಮನೆಯನ್ನು. ದುಂಡಗೆ, ಮೇಲೆ ಶಂಕುವಿನಾಕಾರದ ಹುಲ್ಲಿನ ಸೂರು ಹೊದ್ದ ಗುಡಿಸಲು ಬರೆದಿದ್ದರೆ ಅದು ಆಫ್ರಿಕಾದ ಬೇರೆ ಜನರ ಮನೆ. ಮಾಸಾಯಿ ಮನೆ ಉದ್ದುದ್ದವಾಗಿ, ಮೂಲೆಗಳು ದುಂಡಾಗಿ, ಸೂರೂ ಗೋಡೆಯೂ ಒಂದೇ ಸಗಣಿ ಮೆತ್ತನೆಯಲ್ಲಿ ಬೆರೆತಿರುತ್ತದೆ. ಸುತ್ತ ಮುಳ್ಳಿನ ಬೇಲಿ ಇರುತ್ತದೆ. ಎರಡನೆಯದು ಮೊಲ. ಅಲ್ಲಿಯದು ಕಂದು ಬೂದು ಬಣ್ಣದ, ಉದ್ದ ಕಿವಿಯ ಬಯಲು ಮೊಲ. ಸಾಕುವ ಬಿಳಿ ಮೊಲ ಬರೆದಿದ್ದರೆ ಕಲಾವಿದರು ಆ ನಾಡಿನ ಪ್ರಾಣಿಯನ್ನು ನೋಡಿಲ್ಲ. ಮೂರನೆಯದು ಬಟ್ಟೆ. ಶುಕಾ ಎಂಬ ಕೆಂಪು ಚೌಕುಳಿಯ ಹೊದಿಕೆ ಇಂದು ಮಾಸಾಯಿಗಳ ಗುರುತೇ ಆಗಿದೆ, ಆದರೆ ಹಾಲಿಸ್ ಕಥೆ ಬರೆದುಕೊಂಡ ಕಾಲದಲ್ಲಿ ಉಡುಪು ಹೆಚ್ಚಾಗಿ ಚರ್ಮದ್ದು. ಇದನ್ನು ತಪ್ಪೆಂದು ಹೇಳುತ್ತಿಲ್ಲ. ಕಥೆಯನ್ನು ಇಂದಿನ ಉಡುಪಿನಲ್ಲಿ ಬರೆಯುವ ಹಕ್ಕು ಕಲಾವಿದರಿಗಿದೆ, ಇದು ಪುರಾತನ ಉಡುಪು ಎಂದು ಮಕ್ಕಳಿಗೆ ಹೇಳದಿದ್ದರಾಯಿತು.

ಡಿಲ್ಲನ್ ದಂಪತಿಯ ಚಿತ್ರಗಳಲ್ಲಿ ಮಾಸಾಯಿ ಜನರೇ ಪ್ರಾಣಿಗಳ ಮುಖವಾಡ ತೊಟ್ಟು ಈ ಕಥೆಯನ್ನು ನಾಟಕವಾಗಿ ಆಡುತ್ತಾರೆ. ಕಲ್ಪನೆ ಅದ್ಭುತ. ಒಳಗಿರುವವನ ನಿಜರೂಪ ಏನು ಎಂಬ ಕಥೆಗೆ ಮುಖವಾಡ ಒಪ್ಪುತ್ತದೆ ಕೂಡ. ಆದರೆ ಕೆತ್ತಿದ ಮುಖವಾಡಗಳಿಗೆ ಹೆಸರಾದದ್ದು ಮುಖ್ಯವಾಗಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಮಾಸಾಯಿ ಕಲೆ ಕಾಣುವುದು ಮಣಿಕೆಲಸದಲ್ಲಿ, ಗುರಾಣಿಗೆ ಬಳಿದ ಬಣ್ಣದಲ್ಲಿ, ಹಾಡಿನಲ್ಲಿ, ಜಿಗಿತದಲ್ಲಿ. ನಿಮ್ಮ ಪುಸ್ತಕದಲ್ಲೂ ಮುಖವಾಡಗಳಿದ್ದರೆ, ಇದು ಚಿತ್ರಕಾರರ ಕಲ್ಪನೆ ಎಂದು ಒಂದು ಮಾತು ಸೇರಿಸಿ.

ಈ ಕಥೆ ಕಾಗದಕ್ಕೆ ಇಳಿದ ಕಾಲವನ್ನೂ ದೊಡ್ಡ ಮಕ್ಕಳಿಗೆ ಹೇಳಬೇಕು. 1880 ಮತ್ತು 90ರ ದಶಕಗಳಲ್ಲಿ ಜಾನುವಾರುಗಳ ದೊಡ್ಡರೋಗ, ಸಿಡುಬು, ಬರಗಾಲ ಒಂದರ ಹಿಂದೆ ಒಂದು ಬಂದು ಮಾಸಾಯಿ ಜನರ ಹಿಂಡುಗಳನ್ನೂ ಮನೆಗಳನ್ನೂ ಬರಿದು ಮಾಡಿದ್ದವು. ಎಮುತಾಯಿ ಎಂದು ಅವರು ಆ ಕಾಲವನ್ನು ಕರೆಯುತ್ತಾರೆ, ಎಲ್ಲವೂ ಅಳಿದ ಕಾಲ. ಅದರ ಬೆನ್ನಿಗೇ 1904ರಲ್ಲಿ ಬ್ರಿಟಿಷರು ಒಪ್ಪಂದವೊಂದನ್ನು ಮಾಡಿಸಿಕೊಂಡು, ಬಿಳಿಯ ವಲಸಿಗರಿಗಾಗಿ ರಿಫ್ಟ್ ಕಣಿವೆಯ ಹುಲ್ಲುಗಾವಲುಗಳಿಂದ ಅವರನ್ನು ಎಬ್ಬಿಸಿದರು. ಬದಲಿಗೆ ಕೊಟ್ಟ ಲೈಕಿಪಿಯಾ ಪ್ರದೇಶ ಮಾಸಾಯಿ ಕುಲ ಇರುವವರೆಗೂ ಅವರದೇ ಎಂದು ಮಾತು ಕೊಟ್ಟು, 1911ರಲ್ಲಿ ಅಲ್ಲಿಂದಲೂ ಹೊರಡಿಸಿದರು. ಹಾಲಿಸ್ ಗ್ರಂಥ ಬಂದದ್ದು ಮೊದಲ ಒಪ್ಪಂದದ ಮರುವರ್ಷ. ಅದಕ್ಕೆ ಮುನ್ನುಡಿ ಬರೆದವರು ಚಾರ್ಲ್ಸ್ ಎಲಿಯಟ್, ಅಲ್ಲಿಯ ಬ್ರಿಟಿಷ್ ಆಡಳಿತದ ಮುಖ್ಯಸ್ಥರಾಗಿದ್ದು, ಬಿಳಿಯರನ್ನು ಅಲ್ಲಿ ನೆಲೆಗೊಳಿಸಲು ಮುಂದಾಗಿದ್ದ ಕಮಿಷನರ್. ಹಾಲಿಸ್ ಶ್ರದ್ಧೆಯಿಂದ ಕೆಲಸ ಮಾಡಿದರು, ಅವರಿಲ್ಲದಿದ್ದರೆ ಆ ಕಾಲದ ಪಾಠ ನಮಗೆ ಸಿಗುತ್ತಿರಲಿಲ್ಲ. ಆದರೂ ಮನೆ ಬಿಟ್ಟು ಬಾರದವನ ಬಗ್ಗೆ, ಬಾಗಿಲಲ್ಲಿ ನಿಂತ ಮನೆಯೊಡೆಯನ ಬಗ್ಗೆ ಇರುವ ಈ ಕಥೆಯನ್ನು ಆ ವರ್ಷಗಳಲ್ಲಿ ಮಾಸಾಯಿ ಜನ ಹೇಳುತ್ತಿದ್ದರು ಎಂದು ಯೋಚಿಸಿದಾಗ ನನಗೆ ಎದೆ ಭಾರವಾಗುತ್ತದೆ. ಕಥೆ ಅದಕ್ಕಿಂತ ಹಳೆಯದೇ ಇರಬೇಕು, ಆ ಘಟನೆಗಳಿಂದ ಹುಟ್ಟಿದ್ದೆಂದು ನಾನು ಹೇಳುವುದಿಲ್ಲ.

ಹಾಲಿಸ್ ಹೊರಗಿನವರು. ಒಳಗಿನವರ ಸಂಗ್ರಹ ಬೇಕೆಂದರೆ ನವೋಮಿ ಕಿಪುರಿ ಇದ್ದಾರೆ. ಕೆನ್ಯಾದ ಈ ಮಾಸಾಯಿ ವಿದ್ವಾಂಸೆ ತಮ್ಮ ಜನರ ಮೌಖಿಕ ಸಾಹಿತ್ಯದ ಬಗ್ಗೆ 1983ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಕಥೆ, ಒಗಟು, ಗಾದೆ, ಹಾಡು ಎಲ್ಲ ಅದರಲ್ಲಿವೆ. ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿಯನ್ನು ನಾನು ಸೂಚಿಸಲಾರೆ.

ಈಗ ಕನ್ನಡದಲ್ಲಿ ಹೇಳುವ ಮಾತು. ಬಡಾಯಿಯನ್ನು ಒಮ್ಮೆ ಗಟ್ಟಿಯಾಗಿ ಕಟ್ಟಿಕೊಳ್ಳಿ, ನಾಲ್ಕು ಸಾಲು ಸಾಕು. ಯಕ್ಷಗಾನದ ವೇಷಧಾರಿ ರಂಗಕ್ಕೆ ಬಂದು ತಾನು ಯಾರೆಂದು ಸಾರುವ ಠೀವಿ ಅದರಲ್ಲಿರಲಿ. ನಂತರ ಆ ಸಾಲುಗಳನ್ನು ಪ್ರತಿ ಪ್ರಾಣಿಗೂ ಅಕ್ಷರವೂ ಬದಲಾಗದಂತೆ ಹೇಳಿ. ಬೇಸರವಾದೀತೆಂದು ಮೂರನೆಯ ಸಲ ಮೊಟಕು ಮಾಡಬೇಡಿ. ಚಿರತೆ ಬರುವ ಹೊತ್ತಿಗೆ ಮಕ್ಕಳು ನಿಮ್ಮ ಜೊತೆ ಕೂಗತೊಡಗಿರುತ್ತಾರೆ, ಆನೆಗೆ ನೀವು ಬಾಯಿ ತೆರೆಯುವುದೇ ಬೇಡ. ಬದಲಾಗಬೇಕಾದದ್ದು ಕೇಳುವವರ ದನಿ: ನರಿ ಬೊಗಳಲಿ, ಚಿರತೆ ಗುರುಗುಟ್ಟಲಿ, ಆನೆಯ ಹೆಜ್ಜೆಗೆ ಬೆಂಚು ಬಡಿಯಲಿ. ಊರಿನ ಹೆಸರುಗಳನ್ನು ಕನ್ನಡೀಕರಿಸಬೇಡಿ. ಕುರ್ತಿಯಾಲೆ ಕುರ್ತಿಯಾಲೆಯಾಗಿಯೇ ಇರಲಿ, ಅದು ಎಲ್ಲಿದೆಯೋ ಎಂಬ ಕುತೂಹಲವೂ ಕಥೆಯದೇ ಭಾಗ. ಘೇಂಡಾಮೃಗಕ್ಕೆ ಕಾಡೆಮ್ಮೆಯನ್ನು ತಂದು ಕೂರಿಸುವ ಅಗತ್ಯವಿಲ್ಲ.

ನೀತಿಯ ಬಗ್ಗೆ: ಹೇಳಬೇಡಿ ಎಂಬುದೇ ನನ್ನ ಸಲಹೆ. ‘ಸುಳ್ಳು ಹೇಳಬಾರದು’ ಎಂದರೆ ಕಪ್ಪೆಯ ಬಡಾಯಿಯನ್ನು ಏನು ಮಾಡುತ್ತೀರಿ? ‘ಧೈರ್ಯವಾಗಿರಿ’ ಎಂದರೆ ಚಿಕ್ಕವರನ್ನು ಬೆದರಿಸುವವರ ಮುಂದೆ ಧೈರ್ಯ ಯಾವಾಗ ಅಪಾಯ ಎಂಬುದನ್ನೂ ವಿವರಿಸಬೇಕಾಗುತ್ತದೆ. ಮೂಲದಲ್ಲಿ ಹುಳುವಿಗೆ ಶಿಕ್ಷೆಯೂ ಇಲ್ಲ. ಎಳೆದು ಹೊರಗೆ ಹಾಕುತ್ತಾರೆ, ನಗುತ್ತಾರೆ. ಓಡಿಹೋದ ಆನೆಯೂ ನಗುವವರ ಗುಂಪಿನಲ್ಲೇ ಇರಬಹುದು. ಅಷ್ಟು ಉದಾರವಾದ ಮುಕ್ತಾಯದ ಮೇಲೆ ಪಾಠದ ಸಾಲು ಹೇರುವುದು ಅನ್ಯಾಯ.

ಕೊನೆಯದಾಗಿ ಗೋಡೆ ಪತ್ರಿಕೆ. ಜನಪದ ಕಥೆಗೆ ಕೃತಿಸ್ವಾಮ್ಯವಿಲ್ಲ, ಆದರೆ ನಿಮ್ಮ ಬಳಿಯಿರುವ ಪುಸ್ತಕದ ವಾಕ್ಯಗಳಿಗೂ ಚಿತ್ರಗಳಿಗೂ ಇರುತ್ತದೆ. ತರಗತಿಯಲ್ಲಿ ಪುಸ್ತಕ ತೋರಿಸುತ್ತ ಓದಿ ಹೇಳುವುದಕ್ಕೆ ಅಡ್ಡಿಯಿಲ್ಲ. ಅದನ್ನೇ ಅನುವಾದಿಸಿ ಅಚ್ಚು ಹಾಕಿಸಿ ಹಂಚುವುದಾದರೆ ಪ್ರಕಾಶಕರ ಅನುಮತಿ ಬೇಕು. 1905ರ ಪಾಠವನ್ನು ಆಧರಿಸಿ ನಿಮ್ಮದೇ ಮಾತಿನಲ್ಲಿ ಬರೆದರೆ ಆ ತೊಡಕಿಲ್ಲ. ಹಾಲಿಸ್ 1961ರಲ್ಲಿ ತೀರಿಕೊಂಡರು, ನಮ್ಮ ಕಾನೂನಿನಂತೆ ಲೇಖಕರ ಮರಣದ ನಂತರದ 60 ವರ್ಷಗಳೂ ಕಳೆದಿವೆ. ಚಿತ್ರಗಳನ್ನು ಮಕ್ಕಳೇ ಬರೆಯಲಿ, ಸಗಣಿ ಮೆತ್ತಿದ ಗಿಡ್ಡ ಮನೆ, ತಿರುವಿನ ಬಾಗಿಲು ಸಹಿತ. ಶೀರ್ಷಿಕೆಯ ಕೆಳಗೆ ‘ಆಫ್ರಿಕಾದ ಕಥೆ’ ಎಂದು ಬರೆಯದೆ, ‘ಕೆನ್ಯಾ ಮತ್ತು ತಾಂಜಾನಿಯಾದ ಮಾಸಾಯಿ ಜನರು ತಮ್ಮ ಮಾ ಭಾಷೆಯಲ್ಲಿ ಹೇಳುವ ಕಥೆ’ ಎಂದು ಬರೆಯಿಸಿ. ಕನ್ನಡದಲ್ಲಿ ಹೇಳಿದವರ ಜಾಗದಲ್ಲಿ ನಿಮ್ಮ ಶಾಲೆಯ ಮಕ್ಕಳ ಹೆಸರಿರಲಿ.